ಹವಳದ ದಿಬ್ಬಕ್ಕೆ ಗಾರೆ ಹಾಕುವ ಪಾಚಿ

ಹಾಸನ, ಚಿಕ್ಕಮಗಳೂರು ಕಡೆಯ ಬಾಟನಿ ವಿದ್ಯಾರ್ಥಿಗಳು ಘಟ್ಟ ಇಳಿದು ಕಡಲಿಗೆ ಟೂರ್ ಹೋದರೆ ಸರ್ಗಾಸಮ್, ಉಲ್ವ, ಕಾಲರ್ಪ ಹೀಗೆ ಕಡಲ ಪಾಚಿಗಳೆಲ್ಲವನ್ನೂ ಕವರ್ ತುಂಬ ತುಂಬಿಕೊಂಡು ಬರುತ್ತಾರೆ. ಬಂಡೆಗೆ ಗುಲಾಬಿ ಬಣ್ಣದ ಹಕ್ಕಳೆಯಂತೆ ಅಂಟಿಕೊಂಡಿರುವುದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕಲ್ಲಿನ ಬಣ್ಣವೇ ಹಾಗೆ ಅಂದುಕೊಂಡು ದಾಟಿ ಹೋಗುತ್ತಾರೆ. ಅದು ಕೊರಲಿನ್ ಪಾಚಿ. ಹೀಗೆ ಮೋಸ ಹೋದವರಲ್ಲಿ ಅವರೇ ಮೊದಲಿಗರಲ್ಲ. ಜೀವಿಗಳಿಗೆ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಕಾಲದಲ್ಲಿ ಇವನ್ನು ಹವಳದ ಜೊತೆ ಪ್ರಾಣಿಗಳ ಸಾಲಿಗೆ ಸೇರಿಸಿದ್ದರು. ಲಿಥೋತಾಮ್ನಿಯಮ್, ಲಿಥೋಫಿಲ್ಲಮ್ ಕುಲಗಳನ್ನು ಹೆಸರಿಸಿ ಈ ಹಕ್ಕಳೆಗಳು ಸಸ್ಯಗಳೇ ಎಂದು ಜರ್ಮನ್ ನಿಸರ್ಗ ವಿಜ್ಞಾನಿ ಫಿಲಿಪ್ಪಿ ಹೇಳಿದ್ದು 1837ರಲ್ಲಿ.

ಇವು ಕೆಂಪು ಪಾಚಿಗಳು. ಜೀವಕೋಶದ ಗೋಡೆಯೊಳಗೇ ಸುಣ್ಣ ತುಂಬಿಕೊಳ್ಳುತ್ತವೆ. ಹವಳದ ಸುಣ್ಣ ಅರಗೊನೈಟ್ ಎಂಬ ಹರಳಿನ ರೂಪದ್ದು, ಇವುಗಳದ್ದು ಕ್ಯಾಲ್ಸೈಟ್ ಎಂಬ ಬೇರೆ ರೂಪ, ಅದರಲ್ಲಿ ಮೆಗ್ನೀಸಿಯಮ್ ಹೆಚ್ಚು. ಕಡಲ ನೀರಿನ ಆಮ್ಲೀಯತೆ ಏರಿದರೆ ಈ ಬಗೆಯ ಸುಣ್ಣ ಸುಲಭವಾಗಿ ಕರಗುತ್ತದೆ. ಹವಳದ ದಿಬ್ಬದ (ರೀಫ್) ಚಿಂತೆ ಹವಳದ ಬಿಳಿಚುವಿಕೆಗೇ ನಿಲ್ಲಬಾರದು ಅನ್ನುವುದು ಇದಕ್ಕೇ. ಹವಳ ಇಟ್ಟಿಗೆಯಾದರೆ ಈ ಪಾಚಿ ಗಾರೆ: ಮುರಿದ ತುಂಡುಗಳ ಮೇಲೆ ಹಬ್ಬಿ ಒಂದಕ್ಕೊಂದು ಬೆಸೆಯುತ್ತದೆ. ಶಾಂತಸಾಗರದ ಹವಳದ್ವೀಪಗಳಲ್ಲಿ, ಹವಳವೇ ನಿಲ್ಲಲಾರದಷ್ಟು ಅಲೆ ಹೊಡೆಯುವ ಗಾಳಿಯ ಮಗ್ಗುಲಲ್ಲಿ, ಪೊರೋಲಿಥಾನ್ ಎಂಬ ಕೊರಲಿನ್ ಪಾಚಿ ದಿಣ್ಣೆಯನ್ನೇ ಕಟ್ಟಿ ಅಲೆಯ ಹೊಡೆತ ತಡೆಯುತ್ತದೆ. ಬ್ರೆಜಿಲ್‌ನ ರೋಕಾಸ್ ದ್ವೀಪವನ್ನು ಕಟ್ಟಿದ್ದರಲ್ಲಿ ಹವಳಕ್ಕಿಂತ ಇವುಗಳದ್ದೇ ದೊಡ್ಡ ಪಾಲು. ಹವಳದ ಮರಿಗಳು ಕೂರಲು ಜಾಗ ಹುಡುಕುವಾಗಲೂ ಟೈಟನೊಡರ್ಮದಂಥ ಹಕ್ಕಳೆಗಳನ್ನೇ ಆರಿಸಿಕೊಳ್ಳುತ್ತವೆ.

ಹರವು ನೋಡಿದರೆ ಇವಕ್ಕೆ ಬೆಚ್ಚಗಿನ ನೀರೇ ಬೇಕು ಅಂತೇನಿಲ್ಲ. ನಾರ್ವೆಯ ಉತ್ತರದ ಚಳಿಯಲ್ಲಿ ಲಿಥೋತಾಮ್ನಿಯಮ್ ಗ್ಲೇಸಿಯೇಲ್ ಇದೆ. ಬಹಾಮಾಸ್ ಬಳಿ 268 ಮೀಟರ್ ಆಳದಲ್ಲಿ, ಮೇಲಿನ ಬೆಳಕಿನ ಶೇ 0.0005ರಷ್ಟು ಮಾತ್ರ ಇಳಿಯುವಲ್ಲಿ, ಒಂದು ಹಕ್ಕಳೆ ಸಿಕ್ಕಿದೆ. ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಬಂಡೆಗೆ ಅಂಟದೆ ಉರುಳಾಡಿಕೊಂಡು ಬೆಳೆಯುವ ಗಂಟುಗಳ ಹಾಸೇ ಇದೆ. ಅಲ್ಲಿನ ರೈತರು ಅದನ್ನು ಅಗೆದು ಹುಳಿ ಮಣ್ಣಿನ ಹೊಲಕ್ಕೆ ಹಾಕುತ್ತಿದ್ದರು, ನಮ್ಮ ಕಾಫಿ ತೋಟಕ್ಕೆ ಡಾಲೊಮೈಟ್ ಹಾಕುವ ಹಾಗೆ. ವರ್ಷಕ್ಕೆ 1 ಮಿ.ಮೀ. ಸುತ್ತಮುತ್ತ ಬೆಳೆಯುವುದನ್ನು ಲಾರಿಗಟ್ಟಲೆ ತೆಗೆದರೆ ಉಳಿಯುವುದೆಷ್ಟು?

ಬೆಳಕು, ಅಲೆಯಷ್ಟೇ ಮುಖ್ಯ ಮೇಯುವ ಪ್ರಾಣಿಗಳು. ಗಿಳಿಮೀನು, ಕಡಲ ಮುಳ್ಳುಚೆಂಡು ಕಡಿಮೆಯಾದರೆ ಮೆತ್ತನೆಯ ಪಾಚಿ ಮೇಲೆ ಬೆಳೆದು ಹಕ್ಕಳೆಯನ್ನು ಮುಚ್ಚಿಬಿಡುತ್ತದೆ. ಕಳೆ ತೆಗೆಯದ ತೋಟದ ಪಾಡೇ ಅದು.

ಸಿಹಿನೀರಿನಲ್ಲಿ ಇದೆಯೇ? ಕ್ರೊಯೇಷಿಯಾದ ಸೆಟಿನಾ ನದಿಯಲ್ಲಿ ನಿಯೊಫಿಲ್ಲಮ್ ಸೆಟಿನೇನ್ಸಿಸ್ ಎಂಬ ಕೊರಲಿನ್ ಪಾಚಿ ಇರುವುದನ್ನು 2016ರಲ್ಲಿ ವರದಿ ಮಾಡಿದರು. ಅದು ಸುಣ್ಣಕಲ್ಲಿನ ಸೀಮೆಯ ನದಿ. ಗಟ್ಟಿ ಶಿಲೆಯ ಮೇಲೆ ಹರಿಯುವ ನಮ್ಮ ಹೇಮಾವತಿ, ಭದ್ರೆಯ ನೀರಿಗೆ ಅಷ್ಟು ಸುಣ್ಣವಿಲ್ಲ. ಇನ್ನು ನಮ್ಮಲ್ಲಿ ಮಳೆಗಾಲದಲ್ಲಿ ಮರದ ಕಾಂಡಕ್ಕೆ, ಗೋಡೆಗೆ ಹತ್ತುವ ಕಿತ್ತಳೆ ಬಣ್ಣದ ಮಖಮಲ್ಲು ಕೊರಲಿನ್ ಅಲ್ಲ, ಟ್ರೆಂಟೆಪೋಲಿಯ. ಬಣ್ಣ ಏನೇ ಇರಲಿ, ಅದು ಹಸಿರು ಪಾಚಿಯ ಗುಂಪಿನದು.

ಬಣ್ಣ ನಂಬಿ ಹೆಸರು ಹೇಳಲಾಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನದ ಇಳಿತದಲ್ಲಿ ಬಂಡೆಯ ಹೊಂಡಗಳನ್ನು ನೋಡಿ. ಗೆಣ್ಣುಗೆಣ್ಣಾಗಿ ಕವಲೊಡೆದಿದ್ದರೆ ಆಂಫಿರೋವ ಅಥವಾ ಜೇನಿಯ ಎಂಬ ಕೊರಲಿನ್ ಕುಲ ಇರಬಹುದು. ಹಕ್ಕಳೆಯಾದರೆ ಮೂಲೆಯೊಂದಕ್ಕೆ ದುರ್ಬಲ ಆಮ್ಲದ ಒಂದು ಹನಿ ಬಿಡಿ. ನೊರೆ ಬಾರದಿದ್ದರೆ ಅದು ಹಿಲ್ಡೆನ್‌ಬ್ರಾಂಡಿಯದಂಥ ಸುಣ್ಣವಿಲ್ಲದ ಕೆಂಪು ಪಾಚಿ. ನೊರೆ ಬಂದರೂ ತೀರ್ಮಾನ ಬೇಡ, ಪೈಸೊನೀಲಿಯ ಎಂಬ ಬೇರೆ ಕೆಂಪು ಪಾಚಿಯಲ್ಲೂ ಸುಣ್ಣವಿದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ಮೈಮೇಲಿನ ಗುಳ್ಳೆಗಳನ್ನು ಹುಡುಕಿ. ಬೀಜಕ ಕೊಡುವ ಗುಳ್ಳೆಗೆ ಒಂದೇ ರಂಧ್ರವಿದ್ದರೆ ಕೊರಲಿನೇಲಿಸ್ ಗಣ, ಜರಡಿಯಂತೆ ಹಲವಿದ್ದರೆ ಹಪಲಿಡಿಯೇಲಿಸ್.

ಗಣಕ್ಕಿಂತ ಮುಂದೆ ಗುರುತಿಸಲು ಸುಣ್ಣ ಕರಗಿಸಿ ತೆಳ್ಳಗೆ ಸೀಳಿ ನೋಡಬೇಕು. 100 ಮಿ.ಲೀ. ನೀರಿಗೆ 4 ಮಿ.ಲೀ. ಸಾಂದ್ರ ನೈಟ್ರಿಕ್ ಆಮ್ಲ (ನೀರಿಗೆ ಆಮ್ಲ, ತಿರುಗುಮುರುಗಾಗಬಾರದು) ಬೆರೆಸಿ, 5 ಮಿ.ಮೀ. ತುಂಡನ್ನು ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಿ. ಅವಸರಕ್ಕೆ ಆಮ್ಲ ಖಾರವಾಗಿಸಿದರೆ ಗಾಳಿಗುಳ್ಳೆಗಳೇ ಅಂಗಾಂಶವನ್ನು ಹರಿದುಹಾಕುತ್ತವೆ. ತೊಳೆದು, ಬ್ಲೇಡಿನಲ್ಲಿ ತೆಳ್ಳಗೆ ಸೀಳಿ, ಅನಿಲಿನ್ ನೀಲಿ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿ. ಅಕ್ಕಪಕ್ಕದ ಎಳೆಗಳ ಕೋಶಗಳು ಗೋಡೆ ಕರಗಿ ಒಂದಾಗಿವೆಯೋ, ಸಣ್ಣ ಕುಳಿಯ ಮೂಲಕ ಕೊಂಡಿ ಬೆಸೆದಿವೆಯೋ ಅನ್ನುವುದು ಮುಖ್ಯ. ಎರಡನೆಯದು ಲಿಥೋಫಿಲ್ಲಮ್ ಬಳಗದ ಗುರುತು.

ತಪ್ಪುವುದು ಹೆಚ್ಚಾಗಿ ಶೇಖರಣೆಯಲ್ಲಿ. ಒದ್ದೆ ಕವರಿನಲ್ಲಿ ರಾತ್ರಿ ಬಸ್ಸಿನಲ್ಲಿ ತಂದರೆ ಬೆಳಗ್ಗೆಗೆ ನಾರುತ್ತದೆ. ಬರೀ ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ಅದು ದಿನ ಕಳೆದಂತೆ ಹುಳಿಯಾಗಿ ಸುಣ್ಣವನ್ನೇ ತಿನ್ನುತ್ತದೆ. ಬೊರಾಕ್ಸ್, ಅಂದರೆ ಬಿಳಿಗಾರ, ಬೆರೆಸಿದ ಫಾರ್ಮಲಿನ್ ರಚನೆ ನೋಡಲು ಸಾಕು, ಡಿಎನ್‌ಎಗೆ ಆಗದು. ಅದಕ್ಕೆ ಬೇರೆ ತುಂಡನ್ನು ನೀರು ಒರೆಸಿ ಸಿಲಿಕಾ ಜೆಲ್‌ನಲ್ಲಿ ಒಣಗಿಸಬೇಕು. ಲಕ್ಷದ್ವೀಪಕ್ಕೆ ಹೋದವರು ಹವಳದ ಮೇಲಿನದನ್ನು ಕೆತ್ತಲೇಬೇಡಿ, ಸತ್ತ ತುಂಡನ್ನೂ ತರಬೇಡಿ. ಗಟ್ಟಿ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ಇನ್ನು ಪಟ್ಟಿಗಳಲ್ಲಿ ಕಣ್ಣುಮುಚ್ಚಿ ಬರೆಯುವ ಪೊರೋಲಿಥಾನ್ ಆಂಕೋಡಿಸ್. ಅದು ಒಂದೇ ಪ್ರಭೇದವಲ್ಲ, ನೋಡಲು ಒಂದೇ ಥರ ಇರುವ ಹಲವು ಪ್ರಭೇದಗಳ ಕಲಸು ಎಂದು 2018ರ ಡಿಎನ್‌ಎ ಅಧ್ಯಯನ ತೋರಿಸಿದೆ. ಲೇಬಲ್ಲಿನಲ್ಲಿ ಊರು, ತಾರೀಕು, ಇಳಿತದ ಮಟ್ಟ, ಬಿಸಿಲೋ ನೆರಳೋ, ಯಾವುದರ ಮೇಲೆ ಬೆಳೆದಿತ್ತು ಅನ್ನುವುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಕುಲದ ಹೆಸರು ಖಚಿತವಿದ್ದರೆ ಹಾಕಿ, ಪ್ರಭೇದದ ಜಾಗ ಖಾಲಿ ಇರಲಿ.