ಇಂಚು, ಸೆಂಟ್ಸು ಮತ್ತು ಎಂಟನೇ ಕ್ಲಾಸು

ಶನಿವಾರ, ಜುಲೈ 12, 2025
ಮೂಡಿಗೆರೆ

ಪುನರ್ವಸು ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿದೆ. ಬೆಳಗ್ಗೆ ಕರೆಂಟ್ ಇರಲಿಲ್ಲ. ಬೋರ್ಡ್ ಮೇಲೆ ಬರೆದರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಎಂಟನೇ ಕ್ಲಾಸಿನವರನ್ನೆಲ್ಲ ಜಗಲಿಗೆ ಕರೆತಂದು ಮಳೆಮಾಪಕದ ಕೆಲಸ ಮುಂದುವರಿಸಿದೆವು.

ವಸ್ತು ಪ್ರದರ್ಶನಕ್ಕೆ ಥರ್ಮಾಕೋಲ್ ಜ್ವಾಲಾಮುಖಿ ಮಾಡಿಸಿ ಮಾಡಿಸಿ ನನಗೆ ಸಾಕಾಗಿತ್ತು. ಅರ್ಧ ಕೆಲಸ ಅಪ್ಪ ಅಮ್ಮನದೇ. ತೀರ್ಪುಗಾರರು ನೋಡಿ ಹೋದ ಮೇಲೆ ಅದು ಸ್ಟಾಫ್ ರೂಮಿನ ಬೀರು ಮೇಲೆ ಧೂಳು ಹಿಡಿಯುತ್ತದೆ. ಸರಿಯಿದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಮಳೆಮಾಪಕ ಹಾಗಲ್ಲ. ನಮ್ಮ ಕಡೆ ಕಾಫಿ ತೋಟದವರು ಇಬ್ಬರು ಸಿಕ್ಕಿದರೆ ಮೊದಲ ಮಾತೇ 'ನಿಮ್ಮಲ್ಲಿ ಎಷ್ಟು ಇಂಚು?'. ಮಕ್ಕಳ ಲೆಕ್ಕ ತಪ್ಪಿದರೆ ಸಂಜೆಯೊಳಗೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ನನಗೆ ಬೇಕಾಗಿದ್ದೂ ಅದೇ.

ಮಾಡುವ ರೀತಿ ಸುಲಭ. ನೆಟ್ಟಗಿರುವ ಬಾಟಲಿಯ ತಲೆ ಕತ್ತರಿಸಿ, ಆ ತಲೆಯನ್ನೇ ಬೋರಲು ಹಾಕಿ ಒಳಗೆ ಕೂರಿಸುವುದು. ಬಾಯಿಯ ಅಗಲ, ಒಡಲಿನ ಅಗಲ ಎರಡೂ ಒಂದೇ ಆದ್ದರಿಂದ ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಆದರೆ ಈಗಿನ ಬಾಟಲಿಗಳಿಗೆಲ್ಲ ಸೊಂಟ, ಕೆಳಗೆ ಗುಂಡಿ ಗುಂಡಿ ಕಾಲು. ಸೊನ್ನೆ ಎಲ್ಲಿಂದ ಶುರು ಮಾಡುವುದು? ಒಬ್ಬರು ಕಲ್ಲು ತುಂಬೋಣ ಅಂದರು, ಇನ್ನೊಬ್ಬರು ಮರಳು. ಗಾರೆ ಕೆಲಸದವರ ಮಗ ಒಬ್ಬ ಮನೆಯಿಂದ ಒಂದಿಷ್ಟು ಸಿಮೆಂಟ್ ತಂದಿದ್ದ. ನೀರು ಜಾಸ್ತಿ ಹಾಕದೆ ಕಲಸಿ, ಬಾಟಲಿಯೊಳಗೆ ಇಳಿಸಿ, ಬುಡವನ್ನು ಅಂಗೈಗೆ ತಟ್ಟುತ್ತಾ ತಟ್ಟುತ್ತಾ ಮಟ್ಟ ಮಾಡಿದ. ಗುಳ್ಳೆ ಮೇಲೆ ಬಂದು ಒಡೆಯುವ ತನಕ ಬಿಡಲಿಲ್ಲ. ಗಣಿತದಲ್ಲಿ ಬಾಯಿ ಬಿಡದ ಹುಡುಗ, ಮೊನ್ನೆ ಎಲ್ಲ ಗುಂಪಿನವರೂ ಅವನ ಮುಂದೆ ಬಾಟಲಿ ಹಿಡಿದು ನಿಂತಿದ್ದರು.

ಅಂದಹಾಗೆ, ಮನೆಯಲ್ಲಿ ಕತ್ತಿ ಹಿಡಿದು ಸೌದೆ ಸೀಳುವ ಮಕ್ಕಳಿಗೆ ಸ್ಕೂಲಲ್ಲಿ ಕತ್ತರಿ ಕೊಡಲು ನಾವು ಹೆದರುತ್ತೇವೆ. ಯಾಕೋ!

ಇವತ್ತಿನ ಗಲಾಟೆಯೆಲ್ಲ ಒಂದು ಹುಡುಗಿಯರ ಗುಂಪಿನಿಂದ. ಅವರು ಬಾಟಲಿಯ ತಲೆಯ ಬದಲು ಎಣ್ಣೆ ಹಾಕುವ ದೊಡ್ಡ ಫನಲ್ ಕೂರಿಸಿ ಎಂ-ಸೀಲ್ ಮೆತ್ತಿದ್ದರು. ಬೆಳಗ್ಗೆ ಉಳಿದವರ ಬಾಟಲಿಯಲ್ಲಿ 1 ಇಂಚು 10 ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗವೇ ಸೆಂಟ್), ಇವರದರಲ್ಲಿ ಹತ್ತಿರ ಹತ್ತಿರ ನಾಲ್ಕೂವರೆ ಇಂಚು! ಎಲ್ಲರೂ ನಕ್ಕರು. ಇವರು ಬಿಡಲಿಲ್ಲ. ಅಳೆದು ನೋಡಿದರು: ಫನಲ್ ಬಾಯಿ 10 ಸೆಂ.ಮೀ., ಬಾಟಲಿ 5 ಸೆಂ.ಮೀ. 'ಡಬಲ್ ಅಲ್ವಾ ಸಾರ್, ಎರಡರಿಂದ ಭಾಗಿಸಿದರೆ ಆಯ್ತು' ಅಂದರು. ಭಾಗಿಸಿದರು, ಆದರೂ ಹೊಂದಲಿಲ್ಲ. ನಾನು ಸುಮ್ನೆ ಕೂತಿದ್ದೆ. ಆಮೇಲೆ ಗ್ರಾಫ್ ಹಾಳೆಯ ಮೇಲೆ ಎರಡು ವೃತ್ತ ಎಳೆದು ಚೌಕ ಎಣಿಸಲು ಕೂತರು. ದೊಡ್ಡದರಲ್ಲಿ 78 ಚಿಲ್ಲರೆ, ಚಿಕ್ಕದರಲ್ಲಿ 20ರ ಹತ್ತಿರ. ನಾಲ್ಕು ಪಟ್ಟು! ವೃತ್ತದ ವಿಸ್ತೀರ್ಣವನ್ನು ಏಳನೇ ಕ್ಲಾಸಲ್ಲೇ ಬಾಯಿಪಾಠ ಮಾಡಿದ್ದವರು, ಅದು ಇಲ್ಲಿ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಮಜಾ ಇರುವುದು ಇದರ ಮುಂದೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್, ತೋಟದ ಲೆಕ್ಕದಲ್ಲಿ 100 ಸೆಂಟ್ಸ್. ಅಂದರೆ ಒಂದು ಸೆಂಟ್ ಕಾಲು ಮಿಲಿಮೀಟರ್. ಮಾಮೂಲಿ ಬಾಟಲಿಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಇವರ ಬಾಟಲಿಯಲ್ಲಿ ನಾಲ್ಕು ಪಟ್ಟು ಎದ್ದು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಆಗುತ್ತದೆ. ಜಾಮಿಟ್ರಿ ಬಾಕ್ಸಿನ 15 ಸೆಂ.ಮೀ. ಸ್ಕೇಲನ್ನು ಪಕ್ಕಕ್ಕೆ ಅಂಟಿಸಿದರೆ ಅದೇ ಸೆಂಟ್ಸ್ ಸ್ಕೇಲ್. ಸಿರಿಂಜಿನಿಂದ 40 ಎಂ.ಎಲ್. ನೀರು ಹಾಕಿ ಪರೀಕ್ಷೆ ಮಾಡಿದರು. ನೀರು 2 ಸೆಂ.ಮೀ. ಗೆರೆಗೆ ಬಂದು ನಿಂತಿತು, ಅಂದರೆ 20 ಸೆಂಟ್ಸ್.

ನಕ್ಕಿದ್ದ ಹುಡುಗರು ಸುಮ್ಮನಿರುತ್ತಾರೆಯೇ? 'ಒಂದೂವರೆ ಇಂಚಿಗೇ ತುಂಬಿ ಚೆಲ್ಲುತ್ತೆ ನಿಮ್ದು. ಜುಲೈ ಮಳೆಗೆ ಏನ್ ಮಾಡ್ತೀರಾ?' ಅಂದರು. ಅದೂ ನಿಜವೇ. ಇಲ್ಲಿ ಒಂದೇ ದಿನ ನಾಲ್ಕೈದು ಇಂಚು ಹೊಡೆಯುವುದುಂಟು. ಅದಕ್ಕೆ ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಬರುವ ಒಬ್ಬಳು ಹೇಳಿದಳು: 'ನಮ್ದು ಹೂಮಳೆಗೆ.' ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ. ಆ ಹೊತ್ತಿಗೆ ಸೆಂಟ್ಸ್ ಲೆಕ್ಕವೇ ಮುಖ್ಯ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಕಡಿಮೆ ಬಿದ್ದರೆ ರೋಬಸ್ಟಾ ಕಾಫಿಯ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಯಾವ ಮಳೆಗೆ ಯಾವ ಬಾಟಲಿ ಅನ್ನುವ ಈ ಜಗಳವನ್ನು ನಾನು ಪಾಠ ಮಾಡಿದ್ದರೆ ಹುಟ್ಟಿಸಲು ಆಗುತ್ತಿರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಕ್ಲಾಸಿನೊಳಗೆ 10 ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರರ ಹತ್ತಿರ ಕಲಿಯಬೇಕು ಅಂತ ಇದೆ. ಒಳ್ಳೆಯದೇ. ಆದರೆ ಹತ್ತು ದಿನ ನೋಡಿ ಬಂದು ಉಳಿದದ್ದೆಲ್ಲ ಗೈಡ್ ಓದಿದರೆ ಕೈಗೆ ಏನೂ ಹತ್ತುವುದಿಲ್ಲ. ವಾರಕ್ಕೆ ಒಂದು ಪಿರಿಯಡ್ ಸಾಕು, ವರ್ಷವಿಡೀ ಇರಲಿ.

ಹನ್ನೊಂದರ ಹೊತ್ತಿಗೆ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಬಂದರು, ನಾನೇ ಬರಹೇಳಿದ್ದೆ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದರು. 'ಲೆಕ್ಕ ಸರಿ ಇದೆ ಮೇಷ್ಟ್ರೇ. ಆದರೆ ಇಷ್ಟು ಸಣ್ಣ ನಂಬರ್ ಕನ್ನಡಕ ಇಲ್ಲದೆ ನಾನು ಹೇಗೆ ಓದಲಿ? ಅದೂ ಒಂದು ಕೈಯಲ್ಲಿ ಛತ್ರಿ!' ಮಾರ್ಕರ್ ಗೆರೆಯನ್ನು ಹೆಬ್ಬೆರಳಲ್ಲಿ ಉಜ್ಜಿದರು, ಅಳಿಸಿಯೇ ಹೋಯಿತು. ಹುಡುಗಿಯರ ಮುಖ ಸಪ್ಪಗಾಯಿತು. ಐದೇ ನಿಮಿಷ. ಕೈವಾರದ ಮೊನೆಯಿಂದ ಗೆರೆ ಗೀಚಿ, ಅದರೊಳಗೆ ಇಂಕು ತಿಕ್ಕಿ ಒರೆಸಿ ಕೊಟ್ಟರು. ಹತ್ತು ಸೆಂಟ್ಸ್‌ಗೆ ಒಂದು ಉದ್ದ ಗೆರೆ, ನಂಬರ್ ಇಷ್ಟು ದಪ್ಪ.

ಇಡುವ ಜಾಗ ಇನ್ನೂ ತೀರ್ಮಾನವಾಗಿಲ್ಲ. ಸೂರಿನ ಕೆಳಗೆ ಬೇಡ, ಸಿಲ್ವರ್ ಓಕ್ ಮರದ ಹತ್ತಿರ ಬೇಡ. ಮಳೆ ನಿಂತ ಮೇಲೂ ಎಲೆ ತೊಟ್ಟಿಕ್ಕುತ್ತದೆ. ಕಾಫಿ ಒಣಗಿಸುವ ಕಣ ಈಗ ಖಾಲಿ, ಅಲ್ಲಿ ಇಡಬಹುದು. ಕಣದ ನೀರು ಸಿಡಿಯದಂತೆ ಒಂದಡಿ ಎತ್ತರದ ಗೂಟ ಬೇಕು. ಹವಾಮಾನ ಇಲಾಖೆಯವರ ಹಾಗೆ ದಿನಾ ಬೆಳಗ್ಗೆ 8:30ಕ್ಕೆ ಓದಿ ಬರೆಯುವುದು ಅಂತ ಒಪ್ಪಿದ್ದಾರೆ. ಸೋಮವಾರ ಮಳೆ ರಜೆ ಕೊಟ್ಟರೂ ಇದಕ್ಕೆ ರಜೆ ಇಲ್ಲ ಅಂದೆ. ಗೊಣಗಿದರು.