ಹೌದು, ಊಟ ಹಾಕಿ ದುಡ್ಡು ಇಸ್ಕೊಂಡೆ

"ಏನೇ, ಮನೆಗೆ ಬಂದವರಿಗೆ ಊಟ ಹಾಕಿ ದುಡ್ಡು ಇಸ್ಕೊಂಡ್ಯಂತೆ?"

ಪ್ರಶ್ನೆ ಇದು. ಮೊದಲು ಕೇಳಿದ್ದು ಮೈಸೂರಿನ ಚಿಕ್ಕಮ್ಮ, ಫೋನಿನಲ್ಲಿ. ಆಮೇಲೆ ಭಾವ ವಾಟ್ಸಾಪಿನಲ್ಲಿ ಕೇಳಿದರು. ಇಲ್ಲಿನ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಇಬ್ಬರು ಕೇಳಿದರು. ಆ ಊಟಕ್ಕೆ ಇಬ್ಬರೂ ಟಿಕೆಟ್ ಕೊಂಡೇ ಬಂದಿದ್ದರು, ಕೈಯಲ್ಲಿ ಕೂಪನ್ ಇತ್ತು. ಅದನ್ನು ಅಲ್ಲೇ ಹೇಳಬೇಕಿತ್ತು, ಹೊಳೆಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು.

ಪ್ರಶ್ನೆಗಿಂತ ಸಿಟ್ಟು ಬರೋದು ಕೊನೆಯ ಆ "ಅಂತೆ"ಗೆ. ಸಿಕ್ಕಿಬಿದ್ದ ಕಳ್ಳಿಯ ಬಗ್ಗೆ ಕೇರಿಯವರು ಆಡುವ ಅಂತೆ ಅದು.

ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನಾವಿರೋದು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕೊಲಂಬಸ್ ಪಕ್ಕದ ಒಂದು ಬಡಾವಣೆಯಲ್ಲಿ. ಇಲ್ಲೊಂದು ಕಮ್ಯುನಿಟಿ ಕ್ಲಬ್ ಇದೆ. ಕ್ಲಬ್ ಅಂದರೆ ಇಸ್ಪೀಟು, ಬಾರು ಅಂದುಕೊಳ್ಳಬೇಡಿ. ಒಂದು ಹಾಲ್, ಒಂದು ಅಡುಗೆಮನೆ, ಅಷ್ಟೇ. ಚಳಿಗಾಲದಲ್ಲಿ ಮಕ್ಕಳಿಗೆ ಕಥೆ ಓದೋದು ಅಲ್ಲೇ, ವಯಸ್ಸಾದವರಿಗೆ ಮಧ್ಯಾಹ್ನದ ಊಟವೂ ಅಲ್ಲೇ. ಆ ಹಾಲ್‌ನ ಹೀಟರ್ ಕೆಟ್ಟಿತು. ದುಡ್ಡು ಬೇಕಾಯಿತು. ಕಮಿಟಿಯಲ್ಲಿ ಯಾರೋ "ಪ್ರೋಗ್ರೆಸಿವ್ ಡಿನ್ನರ್ ಮಾಡೋಣ" ಅಂದರು. ನಾನು ತಲೆ ಆಡಿಸಿದೆ. ತಲೆ ಆಡಿಸಿದವಳ ತಲೆಗೇ ಕಟ್ಟಿದರು.

ಪ್ರೋಗ್ರೆಸಿವ್ ಡಿನ್ನರ್ ಅಂದರೆ ಒಂದು ಮನೆಯಲ್ಲಿ ಸೂಪು, ಇನ್ನೊಂದು ಮನೆಯಲ್ಲಿ ಊಟ, ಮತ್ತೊಂದರಲ್ಲಿ ಸಿಹಿ. ಅಮೆರಿಕದಲ್ಲಿ ಇದು ಹಳೇ ರೂಢಿ. ಇಂಗ್ಲೆಂಡಿನವರು ಸಫಾರಿ ಸಪ್ಪರ್ ಅಂತಾರೆ, ಜರ್ಮನಿಯವರು ರನ್ನಿಂಗ್ ಡಿನ್ನರ್ ಅಂತಾರೆ. ಸ್ವೀಡನ್ನಿನಲ್ಲಿ ಮನೆಯಿಂದ ಮನೆಗೆ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಚಿಕ್ಕಮ್ಮನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು, "ವಾರಾನ್ನ ಅನ್ನು" ಅಂದರು. ವಾರಾನ್ನದ ಹುಡುಗರಿಗೆ ದಿನಕ್ಕೊಂದು ಮನೆ, ನಮಗೆ ಗಂಟೆಗೊಂದು. ಅಷ್ಟೇ ವ್ಯತ್ಯಾಸ, ಒಪ್ಪಿದೆ.

ಈಗ ದುಡ್ಡಿನ ವಿಷಯ. ಒಂಬತ್ತು ಮನೆ, ಹದಿನೆಂಟು ಜನ, ತಲೆಗೆ 50 ಡಾಲರ್. ಒಟ್ಟು 900. ಅಡುಗೆ ಮಾಡಿದವರೂ ಟಿಕೆಟ್ ಕೊಂಡರು, ನಾನೂ ಕೊಂಡೆ. ದಿನಸಿ ಖರ್ಚು ಆಯಾ ಮನೆಯವರದ್ದೇ. ಕ್ಲಬ್ಬಿಗೆ ಖರ್ಚಾಗಿದ್ದು ಲಕೋಟೆ ಮತ್ತು ಕಾಫಿಯ ಹಾಲು. ಹೀಟರಿನ ಬೆಲೆಯ ಮುಂದೆ ಈ 900 ಏನೂ ದೊಡ್ಡದಲ್ಲ, ಮುಂಗಡಕ್ಕೆ ಆಯಿತು. ನನ್ನ ಜೇಬಿಗೆ ಬಂದಿದ್ದು ಸೊನ್ನೆ.

"ಆದ್ರೂ ಅನ್ನ ಮಾರಬಾರದು ಕಣೇ" ಅಂದರು ಚಿಕ್ಕಮ್ಮ. ಅವರ ಅಲ್ಮೇರಾದಲ್ಲಿ ಮುಯ್ಯಿ ಪುಸ್ತಕ ಇದೆ. ನನ್ನ ಮದುವೆಯಲ್ಲಿ ಯಾರು 101 ಕೊಟ್ಟರು, ಯಾರು 51 ಕೊಟ್ಟು ಆರು ಜನ ಉಂಡು ಹೋದರು, ಎಲ್ಲ ಅದರಲ್ಲಿದೆ. ಆ ಆರು ಜನರ ಸುದ್ದಿ ಇವತ್ತಿಗೂ ಬರುತ್ತದೆ. ನಾನು ಪುಸ್ತಕದ ವಿಷಯ ಎತ್ತಿದೆ. ಆ ಕಡೆ ಕುಕ್ಕರ್ ಕೂಗಿತಂತೆ, ಫೋನ್ ಇಟ್ಟರು.

ಅನ್ನಕ್ಕೆ ಬೆಲೆ ಕಟ್ಟೋ ಕೆಲಸವನ್ನು ನಿಜಕ್ಕೂ ಮಾಡಿಸಿದ್ದು ಇಲ್ಲಿನ ತೆರಿಗೆ ನಿಯಮ. ನಮ್ಮ ಕ್ಲಬ್ಬಿನಂಥ ನೋಂದಾಯಿತ ದತ್ತಿ ಸಂಸ್ಥೆಗೆ ಯಾರಾದರೂ ಒಂದೇ ಸಲ 75 ಡಾಲರಿಗಿಂತ ಜಾಸ್ತಿ ಕೊಟ್ಟು, ಬದಲಿಗೆ ಊಟ ಪಡೆದರೆ, ಆ ಊಟದ ಬೆಲೆ ಎಷ್ಟು ಅಂತ ಸಂಸ್ಥೆ ಬರೆದು ಕೊಡಬೇಕು. ಅದನ್ನು ಕಳೆದು ಉಳಿದದ್ದು ಮಾತ್ರ ದಾನ. ಗಂಡ ಹೆಂಡತಿ ಸೇರಿ 100 ಕೊಟ್ಟಿದ್ದರಿಂದ ನಾವೂ ಬರೆಯಬೇಕಾಯಿತು. ತಲೆಗೆ 20 ಅಂತ ಬರೆದೆವು. ಮೂರು ಮನೆಯ ಮೂರು ಸುತ್ತು ಸೇರಿ! ಅದರಲ್ಲಿ ನನ್ನ ಬಿಸಿಬೇಳೆ ಬಾತಿನ ಪಾಲೆಷ್ಟು ಅಂತ ನಾನು ಕೇಳಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಹದಿನೆಂಟು ಜನ ಮೂರು ಸುತ್ತು ಉಂಡರಲ್ಲ, ಯಾರಿಗೂ ಒಬ್ಬರೇ ಎರಡು ಸಲ ಎದುರು ಕೂರಲಿಲ್ಲ. ಅದು ಹೇಗೆ?

ಕೇಳಿದಿರಿ ಅಂತಲೇ ಇಟ್ಟುಕೊಳ್ಳುತ್ತೇನೆ.

ಮೂರು ರಾತ್ರಿ ಹೆಸರು ಬರೆದು ಹೊಡೆದು ಹಾಕಿದೆ. ಕೊನೆಗೆ ಹೊಳೆದದ್ದು ಚುಕ್ಕಿ ರಂಗೋಲಿ. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ಚುಕ್ಕಿಗೊಂದು ಮನೆ. ಮೇಲಿನ ಸಾಲು 1, 2, 3. ನಡುವೆ 4, 5, 6. ಕೆಳಗೆ 7, 8, 9. ಮೊದಲ ಸುತ್ತಿನಲ್ಲಿ ಅಡ್ಡ ಗೆರೆಯವರು ಒಟ್ಟಿಗೆ ಕೂರುತ್ತಾರೆ. ಎರಡನೆಯದರಲ್ಲಿ ಉದ್ದ ಗೆರೆಯವರು. ಮೂರನೆಯದರಲ್ಲಿ ಓರೆ ಗೆರೆ: 1, 5, 9 ಒಂದು ಗುಂಪು. ಬಲ ಅಂಚು ದಾಟಿದರೆ ಎಡಗಡೆಯಿಂದ ಒಳಗೆ ಬಂದು 2, 6, 7 ಇನ್ನೊಂದು. ಉಳಿದವರು 3, 4, 8. ಮೂರು ಗೆರೆ ಎಳೆದರೂ ಯಾವ ಎರಡು ಚುಕ್ಕಿಯೂ ಎರಡನೇ ಸಲ ಸೇರುವುದಿಲ್ಲ.

ಅಡುಗೆ ಯಾರದು? ಅದಕ್ಕೆ ಉಲ್ಟಾ ಓರೆ. ಸೂಪು 1, 6, 8ರ ಮನೆಯಲ್ಲಿ. ಊಟ 3, 5, 7ರಲ್ಲಿ. ಸಿಹಿ 2, 4, 9ರಲ್ಲಿ. ಪ್ರತಿ ಸುತ್ತಿನಲ್ಲೂ ಗುಂಪಿಗೆ ಸರಿಯಾಗಿ ಒಂದೊಂದು ಅಡುಗೆ ಮನೆ ಸಿಗುತ್ತದೆ. ಬೇಕಾದರೆ ಪೆನ್ಸಿಲ್ ಹಿಡಿದು ನೋಡಿ, ನಾನು ಕಾಯುತ್ತೇನೆ. ಪ್ರತಿ ಮನೆಯವರೂ ಆರು ಮನೆಯವರ ಜೊತೆ ಕೂತ ಹಾಗಾಯಿತು. ತಪ್ಪಿದ ಎರಡು ಮನೆಯವರು ಕೊನೆಗೆ ಕ್ಲಬ್ಬಿನ ಹಾಲ್‌ನಲ್ಲಿ ಎಲ್ಲರಿಗೂ ಇಟ್ಟಿದ್ದ ಫಿಲ್ಟರ್ ಕಾಫಿಗೆ ಸಿಗುತ್ತಾರೆ.

ಇಷ್ಟು ಚಂದದ ರಂಗೋಲಿಯನ್ನು ಕೆಡಿಸಿದ್ದು ಎಂಟನೇ ಮನೆ.

ನನ್ನದು ಐದು. ಉದ್ದ ಗೆರೆಯಲ್ಲಿ 2 ಮತ್ತು 8 ನನ್ನ ಮನೆಗೆ ಬರಬೇಕು, 6:45ಕ್ಕೆ. ಊಟದ ಮನೆಯವರು ಸೂಪಿನ ಮನೆಯಿಂದ ಕಾಲು ಗಂಟೆ ಮೊದಲೇ ಏಳಬೇಕು ಅಂತ ನಿಯಮ ಮಾಡಿದ್ದವಳೇ ನಾನು, ಎದ್ದು ಓಡಿದೆ. ಬಿಸಿಬೇಳೆ ಬಾತ್, ಸೌತೆಕಾಯಿ ಮೊಸರು ಬಜ್ಜಿ, ಚಿಪ್ಸ್. ಎರಡನೇ ಮನೆಯವರಿಗೆ ಕಡಲೆಬೀಜ ಆಗೋದಿಲ್ಲ, ಅದಕ್ಕೆ ಬಿಟ್ಟಿದ್ದೆ. ಅವರು ಸರಿಯಾಗಿ ಬಂದರು. ಎಂಟರವರ ಪತ್ತೆ ಇಲ್ಲ. ಏಳಾಯಿತು. ಹೊರಗೆ ಕತ್ತಲಾಯಿತು. ಬಾತ್ ಗಟ್ಟಿಯಾಗುತ್ತಾ ಬಂತು. ಬಿಸಿನೀರು ಹಾಕಿದೆ, ತುಪ್ಪ ಹಾಕಿದೆ. ಮತ್ತೆ ಗಟ್ಟಿಯಾಯಿತು. ಬಿಸಿಬೇಳೆ ಬಾತು ಯಾರಿಗೂ ಕಾಯೋದಿಲ್ಲ, ಗೊತ್ತಲ್ವಾ.

7:25ಕ್ಕೆ ಬಂದರು. ನಿವೃತ್ತ ಟೀಚರು, ಅವರ ಗಂಡ. ಟೀಚರ ಕೈ ಇನ್ನೂ ಒದ್ದೆ. "ಕ್ಷಮಿಸಿ, ಸೂಪಿನ ಪಾತ್ರೆ ಹಾಗೇ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ" ಅಂದರು. ಲೋಟ, ಬಟ್ಟಲು, ಚಮಚ, ಎಲ್ಲ ತೊಳೆದು, ಒರೆಸಿ, ಕಪಾಟಿನಲ್ಲಿ ಇಟ್ಟು ಬಂದಿದ್ದರು. ಬೈಯೋಕೆ ಬಾಯಿ ತೆರೆದವಳು ಮುಚ್ಚಿದೆ. ನನ್ನಮ್ಮನೂ ಹಾಗೇ. ಮುಸುರೆ ಪಾತ್ರೆ ಬಿಟ್ಟು ಹೊಸಿಲು ದಾಟಿದವಳಲ್ಲ, ಬಸ್ಸು ತಪ್ಪಿದರೂ ಸರಿ.

ಅಷ್ಟರಲ್ಲಿ ಎರಡನೇ ಮನೆಯವರು ಎದ್ದೇಬಿಟ್ಟರು, ಮುಂದಿನ ಸುತ್ತಿನ ಸಿಹಿ ಅವರದ್ದೇ. ಅರ್ಧ ಉಂಡಿದ್ದರು, ಉಳಿದದ್ದನ್ನು ಡಬ್ಬಿಗೆ ಹಾಕಿ ಕೊಟ್ಟೆ. ಹಾಗಾಗಿ 2 ಮತ್ತು 8 ನನ್ನ ಮೇಜಿನಲ್ಲಿ ಭೇಟಿಯಾಗಿದ್ದು ಐದು ನಿಮಿಷ, ಅದೂ ಕೋಟು ಹಾಕಿಕೊಳ್ಳುತ್ತಾ. ಟೀಚರು ಮಾತ್ರ ನಿಧಾನವಾಗಿ ಕೂತು ಎರಡು ಸಲ ಬಡಿಸಿಕೊಂಡರು. ಇದರ ಹೆಸರೇನು ಅಂತ ಕೇಳಿದರು. ಹೆಸರಿನಲ್ಲೇ "ಬಿಸಿ" ಇದೆ ಅಂತ ಹೇಳೋದು ಬೇಡ ಅನಿಸಿತು. ರೈಸ್ ಅಂದೆ.

ಈ ಅಕ್ಟೋಬರಿಗೆ ಮತ್ತೆ ಮಾಡುತ್ತಿದ್ದೇವೆ. ಚುಕ್ಕಿ ಇಟ್ಟಾಗಿದೆ. ಟೀಚರ ಹೆಸರನ್ನು ಎಂಟರಿಂದ ತೆಗೆದು ಒಂಬತ್ತರಲ್ಲಿ ಬರೆದಿದ್ದೇನೆ, ಸಿಹಿಗೆ. ಅವರು ಪಾತ್ರೆ ತೊಳೆದು ಬರುವ ಹೊತ್ತಿಗೆ ಕಾದಿರಬೇಕಾದ್ದು ಕಾಫಿ ಒಂದೇ. ಡಿಕಾಕ್ಷನ್ ಬೇರೆ ಇಟ್ಟಿರುತ್ತೇನೆ, ಅವರು ಬಂದ ಮೇಲೆ ಹಾಲು ಬಿಸಿ ಮಾಡಿದರಾಯಿತು. ಟಿಕೆಟ್ ಈ ಸಲ 60.