ಯಾರಿಗೆ ಅಂತ ಮಾಡಲಿ?

ಈ ವಾರ ಮನೆಯಲ್ಲಿ ಕೂತರೂ ಅದೇ ಮಾತು, ನಿಂತರೂ ಅದೇ ಮಾತು. ಜಮೀನಿನಲ್ಲಿ ಓಡಾಡುವವರ ಕೈಗೆ ವಾಕಿಟಾಕಿ ಕೊಡೋದಾ, ಇರುವ ಫೋನೇ ಸಾಕಾ? ಭಾವನದು ಒಂದೇ ಪಟ್ಟು. "ಎಲ್ಲರ ಜೇಬಲ್ಲೂ ಫೋನ್ ಇದೆ. ಇನ್ನೊಂದು ಡಬ್ಬ ಯಾಕೆ?" ಕೇಳಿದರೆ ಸರಿ ಅನಿಸುವ ಮಾತು. ಅಜ್ಜ ಹಳ್ಳದಲ್ಲಿ ಜಾರಿ ಬೀಳದಿದ್ದರೆ ನಾನೂ ಹೂಂ ಅಂದು ಸುಮ್ಮನಾಗುತ್ತಿದ್ದೆ.

ಅಜ್ಜ ಅಂದರೆ ನಮ್ಮ ಸ್ವಂತ ಅಜ್ಜ ಅಲ್ಲ. ಎಲ್ಲರೂ ಹಾಗೆ ಕರೆಯುತ್ತೇವೆ. ಯಾವ ಪೈಪ್ ಎಲ್ಲಿ ಹೂತಿದೆ, ಯಾವ ಗೇಟ್‌ವಾಲ್ವ್ ಎಷ್ಟು ತಿರುಗಿಸಿದರೆ ಎಲ್ಲಿಗೆ ನೀರು ಹೋಗುತ್ತದೆ ಅಂತ ಅವರೊಬ್ಬರಿಗೇ ಗೊತ್ತು. ಅವತ್ತು ಮಧ್ಯಾಹ್ನ ಪಂಪಿನ ಪೈಪು ನೀರಿಗಿಳಿಯುವ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕಿತ್ತು. ಅದನ್ನು ತೆಗೆಯೋಕೆ ಹಳ್ಳಕ್ಕೆ ಇಳಿದರು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು, ಪಾದ ತಿರುಚಿಕೊಂಡಿತು, ಏಳೋಕೆ ಆಗಲಿಲ್ಲ. ಫೋನ್ ಜೇಬಿನಲ್ಲೇ ಇತ್ತು. ಒದ್ದೆಯೂ ಆಗಿರಲಿಲ್ಲ. ಸಿಗ್ನಲ್ ಒಂದು ಕಡ್ಡಿ ತೋರಿಸುತ್ತಿತ್ತು. ಭಾವನಿಗೆ ಮಾಡಿದರು. ಭಾವನ ಫೋನ್ ಒಳಕೋಣೆಯಲ್ಲಿ ಚಾರ್ಜಿಗೆ ಹಾಕಿತ್ತು. ಮತ್ತೆ ಮಾಡಿದರು. ಪೂರ್ತಿ ರಿಂಗ್ ಆಗಿ ಕಟ್ ಆಯಿತು. ಆಮೇಲೆ ಫೋನನ್ನು ವಾಪಸ್ ಜೇಬಿಗಿಟ್ಟು ಕಾಯುತ್ತಾ ಕೂತರು. ಕತ್ತಲಾಗುವ ಹೊತ್ತಾದರೂ ಬರಲಿಲ್ಲವಲ್ಲ ಅಂತ ಹುಡುಕಿಕೊಂಡು ಹೋದಾಗಲೇ ನಮಗೆ ಗೊತ್ತಾಗಿದ್ದು.

ಆಸ್ಪತ್ರೆಗೆ ಹೋಗುವಾಗ ದಾರಿಯಲ್ಲಿ ಕೇಳಿದೆ. "ಬೇರೆ ಯಾರಿಗಾದರೂ ಮಾಡಬಹುದಿತ್ತಲ್ವಾ ಅಜ್ಜ?"

"ಯಾರಿಗೆ ಅಂತ ಮಾಡಲಿ? ಯಾರು ಎಲ್ಲಿದ್ದಾರೆ ಅಂತ ಹಳ್ಳದೊಳಗೆ ಕೂತವನಿಗೆ ಹೇಗೆ ಗೊತ್ತಾಗಬೇಕು?"

ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಬರೀ ಪ್ರಶ್ನೆ. ನನಗೆ ಆವತ್ತಿನಿಂದ ಅದೇ ಕಿವಿಯಲ್ಲಿ ನಿಂತಿದೆ. ಅವರು ಬಿದ್ದಿದ್ದ ಜಾಗದಿಂದ ದಂಡೆ ಹತ್ತಿದರೆ ಆಚೆ ಬದಿಯಲ್ಲೇ ಹುಡುಗನೊಬ್ಬ ಹುಲ್ಲು ಕತ್ತರಿಸುತ್ತಿದ್ದ. ಕೂಗಳತೆಯ ದೂರ. ಆದರೆ ಕಳೆ ಕತ್ತರಿಸುವ ಯಂತ್ರದ ಸದ್ದಿನಲ್ಲಿ ಕೂಗು ಹೇಗೆ ಕೇಳಬೇಕು? ಆ ಹುಡುಗನ ನಂಬರ್ ಅಜ್ಜನ ಹತ್ತಿರ ಇರಲಿಲ್ಲ. ಇದ್ದಿದ್ದರೂ ಅವನು ಅಷ್ಟು ಹತ್ತಿರದಲ್ಲಿದ್ದಾನೆ ಅಂತ ಗೊತ್ತಿರಲಿಲ್ಲ.

ಫೋನ್ ಮಾಡಬೇಕಾದರೆ ಮೊದಲು ಒಬ್ಬ ಮನುಷ್ಯನನ್ನು ಆರಿಸಬೇಕು. ಅವನು ಎಲ್ಲಿದ್ದಾನೋ, ಎತ್ತುತ್ತಾನೋ ಇಲ್ಲವೋ, ಎತ್ತಿದರೂ ಬಂದು ಮುಟ್ಟಬಲ್ಲನೋ ಇಲ್ಲವೋ, ಎಲ್ಲ ನೀವೇ ಅಂದಾಜು ಮಾಡಬೇಕು. ನೋವಿನಲ್ಲಿರುವವನಿಗೆ ಅದು ದೊಡ್ಡ ಕೆಲಸ. ವಾಕಿಟಾಕಿ ರೇಡಿಯೊದಲ್ಲಿ ಆ ಲೆಕ್ಕಾಚಾರವೇ ಇಲ್ಲ. ಗುಂಡಿ ಒತ್ತಿ "ಹಳ್ಳದಲ್ಲಿ ಬಿದ್ದಿದ್ದೀನಿ" ಅಂದರೆ ಆ ಚಾನೆಲ್‌ನಲ್ಲಿ, ಕೇಳುವಷ್ಟು ದೂರದಲ್ಲಿ ಇರುವ ಎಲ್ಲರಿಗೂ ಒಂದೇ ಸಲ ಕೇಳುತ್ತದೆ. ಯಾರು ಹತ್ತಿರ ಇದ್ದಾರೋ ಅವರು ಓಡುತ್ತಾರೆ. ಯಾರು ಹತ್ತಿರ ಅನ್ನೋದನ್ನು ಬಿದ್ದವನು ಯೋಚಿಸಬೇಕಾಗಿಲ್ಲ. ನನ್ನ ವಾದವೆಲ್ಲ ಇಷ್ಟೇ. ಭಾವನಿಗೆ ಅದು ಇನ್ನೂ ಒಪ್ಪಿಗೆಯಾಗಿಲ್ಲ.

ಭಾವ ಕೆಟ್ಟವರಲ್ಲ. ಅಜ್ಜನನ್ನು ಹಳ್ಳದಿಂದ ಹೊತ್ತು ಮೇಲೆ ತಂದದ್ದೂ ಅವರೇ. ಆದರೆ ತಾವು ಎಲ್ಲಿದ್ದರೂ ಜನ ತಮಗೇ ಫೋನ್ ಮಾಡಬೇಕು, ತಾವು ಹೇಳಿದ ಮೇಲೆ ಕೆಲಸ ನಡೆಯಬೇಕು ಅನ್ನುವ ಅಭ್ಯಾಸ ಅವರಿಗೆ ಗಟ್ಟಿಯಾಗಿದೆ. ಎಲ್ಲರ ಮಾತೂ ಎಲ್ಲರಿಗೂ ಕೇಳಿಸುವ ಯಂತ್ರ ಅಂಥವರಿಗೆ ಹಿಡಿಸೋದು ಕಷ್ಟ. ಇದನ್ನು ಅವರ ಎದುರೇ ಹೇಳಿದ್ದೇನೆ.

ಸ್ನೇಹಿತನ ಹತ್ತಿರ ಒಂದು ಜೊತೆ ವಾಕಿಟಾಕಿ ಸೆಟ್ ಇತ್ತು. ಕೇಳಿ ತಂದು ಜಮೀನು ಪೂರ್ತಿ ಸುತ್ತಿದೆವು. ಮನೆ ಮುಂದೆ ಅಕ್ಕ ಒಂದು ಹಿಡಿದು ನಿಂತಳು, ಇನ್ನೊಂದು ನನ್ನ ಕೈಯಲ್ಲಿ. ದಿಬ್ಬದ ಮೇಲಿಂದ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ. ತಗಡಿನ ಶೆಡ್ಡಿನ ಹಿಂದೆ ಹೋದ ಕೂಡಲೇ ಬರೀ ಖರ್ರ್ ಅನ್ನುವ ಸದ್ದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮತ್ತೆ ಅಕ್ಕನ ದನಿ. ಹಳ್ಳದ ದಂಡೆಯ ಮೇಲೆ ಕೇಳಿಸಿತು. ಕೆಳಗಿಳಿದು, ಅಜ್ಜ ಬಿದ್ದ ಕಲ್ಲಿನ ಪಕ್ಕ ನಿಂತು ಗುಂಡಿ ಒತ್ತಿದೆ. ಅಕ್ಕನಿಗೆ ತುಂಡು ತುಂಡಾಗಿ ಏನೋ ಹೋಯಿತಂತೆ, ಅರ್ಥ ಆಗಲಿಲ್ಲವಂತೆ. ಸೆಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದಾಗ ಸ್ವಲ್ಪ ವಾಸಿ. ಕಾಲು ತಿರುಚಿಕೊಂಡು ಕೂತವರು ಎಷ್ಟು ಎತ್ತರಕ್ಕೆ ಹಿಡಿಯೋಕಾಗುತ್ತದೆ?

ಡಬ್ಬದ ಮೇಲೆ ಇಷ್ಟು ಕಿಲೋಮೀಟರ್, ಅಷ್ಟು ಕಿಲೋಮೀಟರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಮಧ್ಯೆ ಏನೂ ಅಡ್ಡ ಇಲ್ಲದ, ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಮಾತಾಡುವ ಲೆಕ್ಕ ಅದು. ಸೆಟ್ಟಿನಿಂದ ಹೊರಡುವ ರೇಡಿಯೊ ಅಲೆಗಳು ಹೆಚ್ಚೂ ಕಡಿಮೆ ನೇರ ಸಾಗುತ್ತವೆ. ಸಮತಟ್ಟು ನೆಲದಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೆ ಭೂಮಿಯ ಬಾಗು ಅಡ್ಡ ಬರುವುದು ಸುಮಾರು 5 ಕಿಲೋಮೀಟರಿಗೆ. ಅದೇ ಆಂಟೆನಾ 10 ಮೀಟರ್ ಎತ್ತರದ ಕಂಬದ ಮೇಲಿದ್ದರೆ ಸುಮಾರು 13ಕ್ಕೆ. ವ್ಯಾಟ್ ಏರಿಸಿ ಇಷ್ಟು ಗಳಿಸೋಕಾಗಲ್ಲ. ಅಡ್ಡಿಯೇ ಇಲ್ಲದ ಬಯಲಿನಲ್ಲೂ ದೂರ ಎರಡರಷ್ಟಾಗಬೇಕಾದರೆ ಶಕ್ತಿ ನಾಲ್ಕರಷ್ಟಾಗಬೇಕು. ನಮ್ಮ ಜಮೀನಿನಲ್ಲಿ ಮರ, ದಿಬ್ಬ, ತಗಡು, ಹಳ್ಳ ಎಲ್ಲ ಇದೆ. ಹಾಗಾಗಿ ಕೊಳ್ಳುವ ಮೊದಲು ನಡೆದು ನೋಡಲೇಬೇಕು. ಅಂಗಡಿಯವರ ಮಾತಿನ ಮೇಲೆ ತರುವ ವಸ್ತು ಅಲ್ಲ ಇದು.

ವಿಎಚ್‌ಎಫ್, ಯುಎಚ್‌ಎಫ್ ಅಂತ ಈ ಅಲೆಗಳಲ್ಲಿ ಎರಡು ಬಗೆ. 150 ಮೆಗಾಹರ್ಟ್ಜ್ (ಅಲೆ ಎಷ್ಟು ವೇಗವಾಗಿ ಕಂಪಿಸುತ್ತದೆ ಅನ್ನುವ ಅಳತೆ) ಸುತ್ತಲಿನ ವಿಎಚ್‌ಎಫ್ ಅಲೆ ಸುಮಾರು 2 ಮೀಟರ್ ಉದ್ದ. ಎಲೆ, ಕೊಂಬೆಗಳ ಮಧ್ಯೆ ಅದು ಕಡಿಮೆ ಸೊರಗುತ್ತದೆ. 450ರ ಆಸುಪಾಸಿನ ಯುಎಚ್‌ಎಫ್ ಅಲೆ ಗಿಡ್ಡ. ಕಟ್ಟಡದ ಕಿಟಕಿ ಬಾಗಿಲುಗಳಲ್ಲಿ ನುಸುಳೋಕೆ ಅದು ಒಳ್ಳೇದು, ಆಂಟೆನಾನೂ ಚಿಕ್ಕದು. ಮರ ಜಾಸ್ತಿ ಇರುವ ನಮ್ಮಂಥ ಕಡೆ ವಿಎಚ್‌ಎಫ್ ಒಳ್ಳೇದಿತ್ತು. ಆದರೆ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು ಯಾವುದು ಅನ್ನೋದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಯುರೋಪಿನಲ್ಲಿ 446 ಮೆಗಾಹರ್ಟ್ಜ್, ಶಕ್ತಿ ಅರ್ಧ ವ್ಯಾಟ್. ಆಸ್ಟ್ರೇಲಿಯಾದಲ್ಲಿ 477ರ ಹತ್ತಿರ, 5 ವ್ಯಾಟ್‌ವರೆಗೆ. ಅಮೆರಿಕದಲ್ಲಿ ಲೈಸೆನ್ಸ್ ಬೇಡದ ಎಫ್‌ಆರ್‌ಎಸ್ ಸೆಟ್‌ಗಳು 462 ಮತ್ತು 467ರಲ್ಲಿ, ಹೆಚ್ಚೆಂದರೆ 2 ವ್ಯಾಟ್. ಒಂದು ಕಡೆ ಸಲೀಸಾಗಿ ಬಳಸುವ ಸೆಟ್ ಇನ್ನೊಂದು ಕಡೆ ಕಾನೂನುಬಾಹಿರ. ಅದಕ್ಕೇ ಎಲ್ಲೆಲ್ಲಿಂದಲೋ ತರಿಸಿದ 5 ವ್ಯಾಟ್ ಸೆಟ್ ಕೊಡುತ್ತೇನೆ ಅಂತ ಪರಿಚಯದವರೊಬ್ಬರು ಬಂದಾಗ ಬೇಡ ಅಂದೆ. ಆ ಅಲೆಯಲ್ಲಿ ಆಂಬುಲೆನ್ಸಿನವರೋ ಅಗ್ನಿಶಾಮಕದವರೋ ಮಾತಾಡುತ್ತಿರಬಹುದು. ನಮ್ಮ ಕೆಲಸಕ್ಕೆ ಅವರಿಗೆ ಅಡ್ಡ ಬರೋದು ಸರಿಯಲ್ಲ.

ಫೋನ್ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಜಮೀನಿನ ಬೇಲಿಯಾಚೆ ನಮ್ಮ ರೇಡಿಯೊ ಕೇಳುವವರು ಯಾರೂ ಇಲ್ಲ. ಆಂಬುಲೆನ್ಸ್ ಕರೆಯೋಕೆ ಫೋನೇ ಬೇಕು. ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ತುರ್ತು ಕರೆಯನ್ನು ಸಿಕ್ಕಿದ ಬೇರೆ ಕಂಪನಿಯ ಟವರ್ ಮೂಲಕ ಕಳಿಸುವ ವ್ಯವಸ್ಥೆ ಫೋನಿನಲ್ಲಿದೆ. ಇರುವ ಜಾಗವನ್ನು ಮ್ಯಾಪಿನಲ್ಲಿ ತೋರಿಸಬಹುದು, ಗಾಯದ ಫೋಟೊ ಕಳಿಸಬಹುದು. ಆದರೆ ಸಿಗ್ನಲ್ ಕಡಿಮೆ ಇರುವಲ್ಲಿ ಫೋನು ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಒದ್ದೆ ಬೆರಳಿಗೆ, ಕೈಗವಸಿಗೆ ಪರದೆ ಕೇಳುವುದಿಲ್ಲ. ಗುಂಡಿ ಒತ್ತಿ ಮಾತಾಡುವ ಆ್ಯಪ್ ಹಾಕಿಕೊಂಡರಾಯಿತು ಅಂತ ಭಾವನ ಮಗ ಹೇಳಿದ. ಬುದ್ಧಿವಂತ ಹುಡುಗ, ಒಳ್ಳೆಯ ಮಾತೇ. ಆದರೆ ಆ ಆ್ಯಪಿಗೂ ಇಂಟರ್ನೆಟ್ ಬೇಕಲ್ವಾ? ಹಳ್ಳದಲ್ಲಿ ಅದೆಲ್ಲಿ?

ಸೆಟ್ ಹಿಡಿದು ಮಾತಾಡೋದೂ ಕಲಿಯಬೇಕಾದ ಕೆಲಸ ಅಂತ ನಡೆದು ನೋಡಿದಾಗ ತಿಳಿಯಿತು. ಗುಂಡಿ ಒತ್ತಿದ ತಕ್ಷಣ ಮಾತು ಶುರು ಮಾಡಿದರೆ ಮೊದಲ ಅಕ್ಷರ ಹೋಗುತ್ತದೆ. ಒತ್ತಿ, ಒಂದು ಕ್ಷಣ ತಡೆದು, ಆಮೇಲೆ ಮಾತಾಡಬೇಕು. ಅದಕ್ಕಿಂತ ಅಪಾಯ ಬೆರಳನ್ನು ಬೇಗ ತೆಗೆಯುವುದು. "ಮೋಟಾರ್ ಹಾಕಬೇಡ" ಅಂತ ನಾನು ಹೇಳಿದೆ, ಕೊನೆಗೆ ಬೆರಳು ಸಡಿಲವಾಯಿತು. ಅಕ್ಕನಿಗೆ ಕೇಳಿಸಿದ್ದು "ಮೋಟಾರ್ ಹಾಕಬೇ..." ಅಂತ. ಬೇಕೋ, ಬೇಡವೋ? ಹಳ್ಳದಲ್ಲಿ ಪೈಪಿಗೆ ಕೈ ಹಾಕಿ ಕೂತವನ ಪಾಲಿಗೆ ಆ ಒಂದು ಅಕ್ಷರ ಚಿಕ್ಕದಲ್ಲ. ಅದಕ್ಕೇ ಮೋಟಾರಿನ ವಿಷಯಕ್ಕೆ ಎರಡೇ ಮಾತು ಇಟ್ಟುಕೊಂಡಿದ್ದೇವೆ: "ಚಾಲೂ" ಮತ್ತು "ಬಂದ್". ಕೇಳಿದವರು ಅದೇ ಮಾತನ್ನು ತಿರುಗಿ ಹೇಳಬೇಕು. ಹೇಳುವವರೆಗೆ ಸ್ವಿಚ್ಚಿಗೆ ಕೈ ಹಾಕುವಂತಿಲ್ಲ.

ಹಳ್ಳದ ತಳದ ಸಮಸ್ಯೆ ಇನ್ನೂ ಇದೆ. ಎತ್ತರದಲ್ಲಿ ರಿಪೀಟರ್, ಅಂದರೆ ಬಂದ ಮಾತನ್ನು ಹಿಡಿದು ಮತ್ತೆ ಕಳಿಸುವ ಯಂತ್ರ, ಇಟ್ಟರೆ ಬಗೆಹರಿಯುತ್ತದೆ. ಆದರೆ ಲೈಸೆನ್ಸ್ ಬೇಡದ ಸೆಟ್‌ಗಳಿಗೆ ಸಾಮಾನ್ಯವಾಗಿ ಅದಕ್ಕೆ ಅವಕಾಶ ಇರುವುದಿಲ್ಲ, ಹಲವು ಕಡೆ ಆಂಟೆನಾ ಬದಲಿಸುವಂತೆಯೂ ಇಲ್ಲ. ಸದ್ಯಕ್ಕೆ ದಾರಿ ತೋರಿಸಿದ್ದು ಅಜ್ಜನೇ. ಕಾಲಿಗೆ ಪಟ್ಟಿ ಸುತ್ತಿಕೊಂಡು ಮಂಚದ ಮೇಲೆ ಕೂತೇ ಹೇಳಿದರು. ಇಳಿಯುವವನು ದಂಡೆಯ ಮೇಲೆ ನಿಂತು "ಇಳೀತಿದ್ದೀನಿ" ಅನ್ನಲಿ. ಹತ್ತಿದ ಮೇಲೆ "ಹತ್ತಿದೆ" ಅನ್ನಲಿ. ಅರ್ಧ ಗಂಟೆಯೊಳಗೆ ಆ ಎರಡನೇ ಮಾತು ಬರದಿದ್ದರೆ ಹತ್ತಿರ ಇರುವವರು ಹೋಗಿ ನೋಡಲಿ. ಮನೆಯ ಸೆಟ್ ಅಮ್ಮನ ಹತ್ತಿರ ಇರುತ್ತದೆ, ಗಡಿಯಾರ ನೋಡುವ ಕೆಲಸವೂ ಅವರದ್ದೇ. ಫೋನ್ ಅಂದರೆ ಮುಖ ತಿರುಗಿಸುವ ಅಮ್ಮ ಇದನ್ನು ಮಾತ್ರ ಕೇಳಿ ವಹಿಸಿಕೊಂಡರು. ಒಂದೇ ಗುಂಡಿ, ಒತ್ತಿದರೆ ಮಾತು, ಬಿಟ್ಟರೆ ಕೇಳೋದು. ಅವರಿಗೆ ಅಷ್ಟು ಸಾಕು.

ಭಾವ ಈಗ ಅರ್ಧ ಇಳಿದಿದ್ದಾರೆ. ಮನೆಗೊಂದು, ಅಜ್ಜನಿಗೊಂದು, ತಮಗೊಂದು ಅಂತ ಮೂರು ಸೆಟ್ಟಿಗೆ ಒಪ್ಪಿದ್ದಾರೆ. ಹುಲ್ಲು ಕತ್ತರಿಸುವ ಹುಡುಗನಿಗೆ ಯಾಕೆ ಅಂತ ಅವರ ತಕರಾರು. "ದಿನಗೂಲಿಗೆ ಬರುವವನು, ಇವತ್ತು ಇರುತ್ತಾನೆ, ನಾಳೆ ಇರಲ್ಲ." ಆದರೆ ಆವತ್ತು ಅಜ್ಜನಿಗೆ ಎಲ್ಲರಿಗಿಂತ ಹತ್ತಿರ ಇದ್ದವನು ಅವನೇ. ಅವನಿಗೆ ಬರೀ ಸೆಟ್ ಕೊಟ್ಟರೂ ಯಂತ್ರದ ಸದ್ದಿನಲ್ಲಿ ಕೇಳಲ್ಲ. ಕಿವಿ ಮುಚ್ಚುವ ಹೆಡ್‌ಸೆಟ್ಟಿನಲ್ಲೇ ಸ್ಪೀಕರ್ ಇರುವಂಥದ್ದು ಬೇಕು. ಖರ್ಚು ಇನ್ನಷ್ಟು ಜಾಸ್ತಿ, ಗೊತ್ತು. ನಾಳೆ ಬರುವವನು ಬೇರೆಯವನಾದರೆ ಅದನ್ನು ಅವನ ಕಿವಿಗೆ ಹಾಕೋಣ ಅಂದೆ. ಭಾವ ಏನೂ ಹೇಳದೆ ಎದ್ದು ಹೋದರು. ನಾನು ಅಂಗಡಿಗೆ ಬರೆದ ಚೀಟಿಯಲ್ಲಿ ನಾಲ್ಕು ಸೆಟ್, ಒಂದು ಹೆಡ್‌ಸೆಟ್ ಅಂತಲೇ ಇದೆ. ಅದನ್ನು ಮೂರು ಮಾಡುವುದಿಲ್ಲ.